ಕನ್ನಡದ ಪೀರಿಯಡ್ಡು

ಕನ್ನಡದ ಪೀರಿಯಡ್ಡು ಅಂದರೆ ಭಾಗ್ಯಳಿಗೆ ಪಾತ್ರೆ ತಿಕ್ಕುವ ಪೀರಿಯಡ್ಡು.

ಮಧ್ಯಾಹ್ನದ ಊಟ ಮುಗಿದು ಗಂಟೆ ಹೊಡೆದರೆ ಏಳನೇ ತರಗತಿಯ ಮಕ್ಕಳೆಲ್ಲ ಒಳಗೆ ಹೋಗುತ್ತಿದ್ದರು. ಭಾಗ್ಯ ಹೊರಗೆ ಬರುತ್ತಿದ್ದಳು. ಯಾರೂ ಹೇಳಬೇಕಿರಲಿಲ್ಲ. ಶಾಲೆಯ ಹಿಂದೆ ಬಿಸಿಯೂಟದ ಅಡುಗೆ ಕೋಣೆ. ಅದರ ಪಕ್ಕದಲ್ಲಿ ಒಂದು ನಲ್ಲಿ, ಒಂದು ಚಪ್ಪಡಿ ಕಲ್ಲು. ಆ ಕಲ್ಲಿನ ಮೇಲೆ ಅವಳ ಅವ್ವ ತಾಯಕ್ಕ ಕುಕ್ಕರುಗಾಲಲ್ಲಿ ಕೂತು ಇಡೀ ಶಾಲೆಯ ತಾಟುಗಳನ್ನು ತಿಕ್ಕುತ್ತಿದ್ದಳು. ಅನ್ನದ ದೊಡ್ಡ ಡಬರಿ ಭಾಗ್ಯಳ ಪಾಲು. ಡಬರಿಯನ್ನು ಅಡ್ಡ ಮಲಗಿಸಿ, ಸೊಂಟದ ತನಕ ಒಳಗೆ ತೂರಿಕೊಂಡು, ತಳ ಹತ್ತಿದ ಅನ್ನವನ್ನು ಕೆರೆಯಬೇಕು. ಒಳಗೆ ಕತ್ತಲೆ. ಸುಟ್ಟ ವಾಸನೆ. ಉಗುರಿನ ಸಂದಿಯಲ್ಲೆಲ್ಲ ಕರಿ. ಅಲ್ಲಿಗೂ ತರಗತಿಯ ದನಿ ಕೇಳುತ್ತಿತ್ತು. ಒಬ್ಬೊಬ್ಬರೇ ಎದ್ದು ಪಾಠ ಓದುವ ದನಿ. ಕೇಳಿ ಕೇಳಿ ಭಾಗ್ಯಳಿಗೆ ಪಾಠಗಳೆಲ್ಲ ಬಾಯಿಗೆ ಬರುತ್ತಿದ್ದವು. ಓದಲು ಮಾತ್ರ ಬರುತ್ತಿರಲಿಲ್ಲ.

ಸಂಡೂರಿನಿಂದ ಹೊರಟು ಯಶವಂತನಗರ ದಾಟಿದರೆ ಸಿಗುವ ಗಣಿ ಕೂಲಿಗಳ ಊರು ಒಡ್ಡಿನ ಕ್ಯಾಂಪು. ಅದಿರಿನ ಲಾರಿಗಳು ಹಗಲೆಲ್ಲ ಶಾಲೆಯ ಗೋಡೆಗೆ ಮೈ ಉಜ್ಜಿದಂತೆ ಓಡುತ್ತವೆ. ಕಿಟಕಿಗಳು ಅದುರುತ್ತವೆ. ಬೆಂಚು, ಪುಸ್ತಕ, ಹಲ್ಲು, ಎಲ್ಲದರ ಮೇಲೂ ಕೆಂಪು ಧೂಳು. ತಾಯಕ್ಕ ಹೆಸರಿಗೆ ಅಡುಗೆ ಸಹಾಯಕಿ. ಆದರೆ ಒಲೆ ಮುಟ್ಟುವಂತಿರಲಿಲ್ಲ. ಒಲೆ ಮುಖ್ಯ ಅಡುಗೆಯ ಕೊಟ್ರಬಸಮ್ಮನದು. ತಾಯಕ್ಕ ಕೇರಿಯವಳು. ಅವಳು ನೀರು ಹೊರಬೇಕು, ಅಕ್ಕಿ ಮೂಟೆ ಎಳೆಯಬೇಕು, ಪಾತ್ರೆ ತಿಕ್ಕಬೇಕು. ಹಾಗಂತ ಎಲ್ಲೂ ಬರೆದಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಭಾಗ್ಯ ಐದನೇ ತರಗತಿಯಲ್ಲಿದ್ದಾಗ ಇದು ಶುರುವಾಗಿತ್ತು. ಆಗ ಹೆಡ್ ಮಾಸ್ತರ್ ಕೊಟ್ರಯ್ಯನವರೇ ಕನ್ನಡ ತೆಗೆದುಕೊಳ್ಳುತ್ತಿದ್ದರು.

"ನಿಂದ್ರು. ಓದು."

ಭಾಗ್ಯ ನಿಂತಳು. ಅಕ್ಷರಗಳು ನಿಲ್ಲಲಿಲ್ಲ. ಅವು ಅವಳಿಗೆ ಯಾವತ್ತೂ ನಿಂತಿರಲಿಲ್ಲ. ಪ, ವ, ಷ, ಮ ಎಲ್ಲ ಅವಳಿ ಜವಳಿ ಮಕ್ಕಳ ಹಾಗೆ ಒಂದೇ ಮುಖ ಹೊತ್ತಿರುತ್ತಿದ್ದವು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ಜಾರುತ್ತಿತ್ತು. ಒಂದನ್ನು ಹಿಡಿದರೆ ಇನ್ನೊಂದು ಓಡುತ್ತಿತ್ತು. ಬೆವರಿದ ಬೆರಳಿಟ್ಟು ಮೊದಲ ಪದ ಓದಿದಳು.

"ವರ."

ಪುಸ್ತಕದಲ್ಲಿ ಇದ್ದದ್ದು ಮರ.

ಕೊಟ್ರಯ್ಯ ನಕ್ಕರು. "ವರ ಬೇಕೇನಲೇ ನಿನಗ? ಇಷ್ಟು ಜಲ್ದಿ? ತಡಿ, ನಿಮ್ಮವ್ವಗ ಹೇಳ್ತೀನಿ, ಹುಡುಕ್ಲಿ."

ಇಡೀ ತರಗತಿ ಬೆಂಚು ಬಡಿದು ನಕ್ಕಿತು. ಭಾಗ್ಯಳಿಗೆ ನಿಂತಲ್ಲೇ ಉಚ್ಚೆ ಹೋಯಿತು. ಬಿಸಿಯಾದದ್ದು ಕಾಲಿನುದ್ದಕ್ಕೂ ಇಳಿದು ನೆಲದ ಕೆಂಪು ಧೂಳಿನಲ್ಲಿ ಕಲೆಯಾಯಿತು. ಅದನ್ನು ಅವಳೇ ಗೋಣಿಚೀಲ ತಂದು ಒರೆಸಿದಳು. ಅವತ್ತಿನಿಂದ ಅವಳ ಹೆಸರು ವರ. ನಲ್ಲಿಯ ಹತ್ತಿರ ವರ. ಆಟದ ಬಯಲಿನಲ್ಲಿ ವರ. ಹಾಜರಿ ಕರೆಯುವಾಗ ಭಾಗ್ಯ ಅಂದರೆ ಹಿಂದಿನಿಂದ ಯಾರೋ ವರ ಅನ್ನುತ್ತಿದ್ದರು.

ಮರುದಿನ ಕೊಟ್ರಯ್ಯ ತಾಯಕ್ಕನನ್ನು ಕರೆದರು.

"ನಿನ್ನ ಮಗಳ ತಲಿಯಾಗ ಏನೂ ಹೋಗಂಗಿಲ್ಲ. ಈಕಿ ಒಬ್ಬಾಕಿ ಸಲುವಾಗಿ ಉಳಿದವರ ಪಾಠ ಕೆಡ್ತೈತಿ. ಕನ್ನಡದ ಪೀರಿಯಡ್ಡಿಗೆ ನಿನ್ನ ಹತ್ರ ಇಟ್ಕೋ. ಹೆಂಗಿದ್ರೂ ಮುಂದ ಇದ ಕೆಲಸ ಮಾಡಾಕಿ. ಈಗ್ಲೇ ಕೈ ಪಳಗ್ಲಿ."

"ಹೂನ್ರಿ ಸರ" ಅಂದಳು ತಾಯಕ್ಕ. ಕೈ ಕೂಡ ಮುಗಿದಳು. ಪಕ್ಕದಲ್ಲಿ ನಿಂತಿದ್ದ ಭಾಗ್ಯ ಅವ್ವನ ಮುಗಿದ ಕೈಗಳನ್ನೇ ನೋಡಿದಳು. ಬೂದಿ ತಿಂದು ಬಿರಿದ ಕೈಗಳು.

ಏಳನೇ ತರಗತಿಗೆ ಬಂದ ವರ್ಷ ದೇವಿಕಾ ಟೀಚರ್ ಬಂದರು. ಕಂಪ್ಲಿಯವರು. ಅತಿಥಿ ಶಿಕ್ಷಕಿ. ಅಂದರೆ ಒಂದೊಂದು ವರ್ಷದ ಕೆಲಸ. ಹೆಡ್ ಮಾಸ್ತರು ಬೇಡ ಅಂದರೆ ಮುಂದಿನ ವರ್ಷ ಇಲ್ಲ. ಕನ್ನಡ ಅವರ ಪಾಲಿಗೆ ಬಂತು. ಬಂದ ದಿನವೇ ಅವರು ಹಾಜರಿ ಕರೆದು, ಭಾಗ್ಯ ಎಲ್ಲಿ ಅಂತ ಕೇಳಿದರು. ಮಕ್ಕಳು ಕಿಸಿಕಿಸಿ ನಕ್ಕು ಹಿತ್ತಲ ಕಡೆ ಕೈ ತೋರಿಸಿದರು. ಅಲ್ಲಿ ಹೋಗಿ ನೋಡಿದರೆ ಡಬರಿಯಿಂದ ಎರಡು ಕಾಲು ಹೊರಗೆ ಚಾಚಿದ್ದವು.

"ಯಾರ್ರೀ ಇದು?"

"ನನ್ನ ಮಗಳ್ರಿ" ಅಂದಳು ತಾಯಕ್ಕ.

"ಇಲ್ಲ್ಯಾಕ ಅದಾಳ?"

"ಓದಾಕ ಬರಂಗಿಲ್ರಿ ಆಕಿಗಿ."

"ಓದಾಕ ಬರಂಗಿಲ್ಲ ಅಂತನ ಶಾಲಿಗಿ ಬರೋದಲ್ಲೇನ್ರಿ?"

ಭಾಗ್ಯ ಡಬರಿಯೊಳಗಿಂದ ಹಿಂದಕ್ಕೆ ಸರಿದು ಹೊರಗೆ ಬಂದಳು. ಮುಖದ ಮೇಲೆ ಕರಿ. ದೇವಿಕಾ ಟೀಚರ್ ಅವಳ ಮಣಿಕಟ್ಟು ಹಿಡಿದು ಒಳಗೆ ಕರೆದುಕೊಂಡು ಹೋಗಿ ಮೊದಲ ಬೆಂಚಿನಲ್ಲಿ ಕೂರಿಸಿದರು. ಅವಳಿಂದ ಪುಸ್ತಕ ಓದಿಸಲಿಲ್ಲ. ತಾವೇ ಒಂದು ಕಥೆ ಓದಿ ಹೇಳಿದರು. ಕಥೆಯಲ್ಲಿ ಅಣ್ಣ ತಮ್ಮನಿಗೆ ಹೊಲದ ಬಾವಿ ಕೊಡುವುದಿಲ್ಲ. ಯಾಕೆ ಕೊಡಲಿಲ್ಲ ಅಂತ ಕೇಳಿದರು. ಭಾಗ್ಯ ಕೂತಲ್ಲೇ ಹೇಳಿದಳು.

"ಬಾವಿ ಕೊಟ್ರ ತಮ್ಮ ಆತನ ಮನಿಗೆ ಕೂಲಿಗೆ ಬರಂಗಿಲ್ಲಲ್ರಿ. ಅದಕ್ಕ."

ದೇವಿಕಾ ಟೀಚರ್ ಪುಸ್ತಕ ಮುಚ್ಚಿ ಅವಳನ್ನು ನೋಡಿದರು. "ಯಾರಲೇ ಇಕಿಗಿ ದಡ್ಡಿ ಅಂದವರು?" ಅಂತ ತರಗತಿಯನ್ನು ಕೇಳಿದರು. ಯಾರೂ ನಗಲಿಲ್ಲ.

ಹೆಡ್ ಮಾಸ್ತರು ಬಿಡದ್ದರಿಂದ ಮರುದಿನ ಭಾಗ್ಯ ಮತ್ತೆ ಡಬರಿಗೇ ಹೋದಳು. ಆಮೇಲೆ ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಕಂಪ್ಲಿಯ ಬಸ್ಸು ಬರುವ ತನಕ ಟೀಚರ್ ಮತ್ತು ಅವಳು ಇಬ್ಬರೇ ಕೂರುತ್ತಿದ್ದರು. ಟೀಚರ್ ಬಿಸ್ಕೀಟಿನ ಪೆಟ್ಟಿಗೆಯ ರಟ್ಟು ಹರಿದು ತಂದರು. ಅದರ ನಡುವೆ ಬ್ಲೇಡಿನಿಂದ ಒಂದು ಉದ್ದ ಕಿಂಡಿ ಕೊಯ್ದರು. ಪುಟದ ಮೇಲೆ ಇಟ್ಟರೆ ಆ ಕಿಂಡಿಯಲ್ಲಿ ಒಂದೇ ಸಾಲು ಕಾಣುತ್ತಿತ್ತು. ಉಳಿದ ಸಾಲುಗಳೆಲ್ಲ ಮುಚ್ಚಿಹೋಗುತ್ತಿದ್ದವು. ಮೊದಲ ಸಲ ಇಟ್ಟಾಗ ಭಾಗ್ಯಳಿಗೆ ಕಿವಿಯಲ್ಲಿ ಗದ್ದಲ ನಿಂತಂತೆ ಆಯಿತು. ಓಡಾಡುವ ಅಕ್ಷರಗಳು ಓಡಾಡಿದವು, ಆದರೆ ಓಡಲು ಜಾಗ ಕಮ್ಮಿಯಿತ್ತು.

ಪರಾತದ ಅಗಲ ತಟ್ಟೆಯಲ್ಲಿ ರಸ್ತೆಯ ಕೆಂಪು ಮಣ್ಣು ಹರಡಿ, ನೀರು ಚಿಮುಕಿಸಿ, ಅಂಗೈಯಗಲದ ಅಕ್ಷರ ಬರೆಸಿದರು. ಬೆರಳಿನಿಂದಲ್ಲ, ಭುಜದಿಂದ.

"ಮಂಗನ ಮ. ನೋಡು, ಬಾಲ ಮ್ಯಾಲ ಎತ್ತೇತಿ. 'ವ'ಕ್ಕ ಬಾಲ ಇಲ್ಲ. 'ಪ'ದ ತಲಿ ಮ್ಯಾಲ ಬಿರುಕು ಐತಿ. ಕಣ್ಣಿಗಿ ತಿಳೀಲಿಲ್ಲಂದ್ರ ಕೈಗಿ ಕೇಳು."

"ಜೋರಾಗಿ ಓದ್ಲೇನ್ರಿ?"

"ಬ್ಯಾಡ. ಬಾಯಾಗ ಓದ್ಕೋ. ಎಷ್ಟ್ ಹೊತ್ತಾದ್ರೂ ತಗೋ."

ಎಷ್ಟು ಹೊತ್ತಾದರೂ ಅಂದರು. ಆದರೆ ಅವರೂ ಮನುಷ್ಯರು. ಒಂದು ಸಂಜೆ ಭಾಗ್ಯ ಒಂದೇ ಪದಕ್ಕೆ ಸಿಕ್ಕಿಕೊಂಡಳು. ಹೊರಗೆ ಬಸ್ಸು ಹಾರನ್ ಹೊಡೆಯುತ್ತಿತ್ತು. ಟೀಚರ್ ಮೇಜು ಗುದ್ದಿದರು. "ಎಷ್ಟ್ ಸಲ ಹೇಳ್ಬೇಕು ನಿನಗ!" ಭಾಗ್ಯ ಎದ್ದು ಚೀಲ ಹೆಗಲಿಗೇರಿಸಿ ಸುಮ್ಮನೆ ಹೊರಟುಹೋದಳು. ಅಲ್ಲಿಗೆ ಮುಗಿಯಿತು ಅಂದುಕೊಂಡಳು. ಮರುದಿನ ಟೀಚರ್ ತಾವಾಗೇ ಕಲ್ಲಿನ ಹತ್ತಿರ ಬಂದರು. "ನಿನ್ನೆ ನಂದ ತಪ್ಪು. ಬಸ್ಸಿನ ಸಿಟ್ಟು ನಿನ್ನ ಮ್ಯಾಲ ಹಾಕಿದೆ" ಅಂದರು. ಮಾಸ್ತರೊಬ್ಬರು ತಪ್ಪು ತಮ್ಮದು ಅಂದದ್ದನ್ನು ಭಾಗ್ಯ ಅಲ್ಲಿಯವರೆಗೆ ಕೇಳಿರಲಿಲ್ಲ.

ದಸರಾ ರಜೆಯ ಹೊತ್ತಿಗೆ ಅವಳು ಒಂದು ಸಾಲು ಓದಿದಳು. ಕಿಂಡಿಯ ಈ ತುದಿಯಿಂದ ಆ ತುದಿಯವರೆಗೆ. ಅರ್ಥವೂ ಆಯಿತು.

ರಜೆ ಮುಗಿದ ಮೇಲೆ ಶಿಕ್ಷಣ ಇಲಾಖೆಯ ಜಿಲ್ಲಾ ಕಚೇರಿಯಿಂದ ಸುದ್ದಿ ಬಂತು. ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಪಾಠ ಹೇಳುವುದು ಹೇಗೆ ಅಂತ ಆಯ್ದ ಶಾಲೆಗಳಲ್ಲಿ ಮಾದರಿ ಪಾಠ ಮಾಡಿ ತೋರಿಸಬೇಕು. ಅಧಿಕಾರಿಗಳು ಬರುತ್ತಾರೆ. ಸುತ್ತಲಿನ ಶಾಲೆಗಳ ಮಾಸ್ತರರು ಬರುತ್ತಾರೆ. ಕೊಟ್ರಯ್ಯ ಈ ವಿಷಯದಲ್ಲಿ ತರಬೇತಿ ಮುಗಿಸಿದವರು. ಹಾರ ಹಾಕಿಸಿಕೊಂಡ ಫೋಟೋ ಆಫೀಸಿನ ಗೋಡೆಯ ಮೇಲಿತ್ತು. ಅವರು ದೇವಿಕಾ ಟೀಚರನ್ನು ಕರೆದರು. ವೆರಾಂಡ ಗುಡಿಸುತ್ತಿದ್ದ ಭಾಗ್ಯಳಿಗೆ ಎಲ್ಲ ಕೇಳಿಸಿತು.

"ನಿಮ್ಮ ರಟ್ಟಿನ ಐಡಿಯಾ ಮಸ್ತ್ ಐತ್ರಿ. ಅದನ್ನ ತೋರ್ಸೋಣು."

ಭಾಗ್ಯಳ ಕೈಯಲ್ಲಿ ಪೊರಕೆ ನಿಂತಿತು.

"ಭಾಗ್ಯಗ ತಯಾರಿ ಮಾಡಸ್ತೀನಿ ಸರ್" ಅಂದರು ಟೀಚರ್.

"ಅಕಿ ಬ್ಯಾಡ. ಸ್ನೇಹಾನ್ನ ನಿಲ್ಲಸ್ರಿ."

ಸ್ನೇಹಾ ಜಡೆಪ್ಪನ ಮಗಳು. ಜಡೆಪ್ಪ ಲಾರಿಗಳ ಯಜಮಾನ. ಶಾಲಾ ಸಮಿತಿಯ ಅಧ್ಯಕ್ಷ.

"ಸ್ನೇಹಾ ಕ್ಲಾಸಿಗೇ ಫಸ್ಟ್ ಬರೋ ಹುಡುಗಿ ಸರ್. ಅಕಿಗೆ ಓದಾಕ ಬರ್ತೈತಿ."

"ಅದಕ್ಕ ಅಕೀನ ಬೇಕು. ಮೊದ್ಲು ತೊದಲ್ತಾಳ. ನೀವು ರಟ್ಟು ಕೊಡ್ತೀರಿ. ಆಮ್ಯಾಲ ಪಟಪಟ ಓದ್ತಾಳ. ನಿಮ್ಮ ಭಾಗ್ಯ ಒಂದು ಸಾಲು ಓದಾದ್ರಾಗ ಹೊತ್ತು ಮುಳುಗ್ತೈತಿ. ಬಂದವರು ಅದನ್ನ ಕುಂತು ನೋಡ್ತಾರೇನ್ರಿ?"

"ಆದ್ರ ಸರ್..."

"ಮುಂದಿನ ವರ್ಷ ನೀವು ಇಲ್ಲಿ ಬರಾದು ಬ್ಯಾಡೇನು?"

ಲಾರಿಯೊಂದು ಹೋಯಿತು. ಇನ್ನೊಂದು ಹೋಯಿತು. ಟೀಚರ್ ಮಾತಾಡಲಿಲ್ಲ.

ಮಾರನೆಯ ದಿನ ಕೊಟ್ರಯ್ಯ ಭಾಗ್ಯಳನ್ನು ತರಗತಿಗೆ ಕರೆಸಿದರು. ಅವಳು ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಮನಸ್ಸು ಬದಲಾಯಿಸಿರಬೇಕು ಅಂದುಕೊಂಡಳು. ಪುಸ್ತಕ ಕೊಟ್ಟರು. ರಟ್ಟು ಕೊಡಲಿಲ್ಲ.

"ಓದು."

ಭಾಗ್ಯಳ ತುಟಿ ನಡುಗಿತು. ಬೆರಳು ಸಾಲು ತಪ್ಪಿತು. "ಪ... ವ..."

"ನೋಡಿದೇನು ಸ್ನೇಹಾ? ಹಂಗ ತುಟಿ ನಡುಗಸ್ಬೇಕು. ಬೆಳ್ಳು ಹಂಗ ಅತ್ತಾಗಿತ್ತಾಗ ಹೋಗ್ಬೇಕು. ಏ ವರ, ಇನ್ನೊಮ್ಮಿ ಓದು. ಅಕಿ ನೋಡ್ಕೊಳ್ಳಿ."

ಭಾಗ್ಯಳಿಗೆ ಆಗ ತಿಳಿಯಿತು. ಅವಳನ್ನು ಕರೆದದ್ದು ಓದಲಿಕ್ಕಲ್ಲ, ತೊದಲಲಿಕ್ಕೆ. ಸ್ನೇಹಾ ಎದ್ದು ನಿಂತು ಅವಳ ಹಾಗೆಯೇ ಕುತ್ತಿಗೆ ಬಗ್ಗಿಸಿದಳು. ಅವಳ ಹಾಗೆಯೇ ಬೆರಳು ಇಟ್ಟಳು. "ವ... ವರ" ಅಂದಳು. ತರಗತಿ ಬಿದ್ದು ಬಿದ್ದು ನಕ್ಕಿತು. ಸ್ನೇಹಾಳೂ ನಕ್ಕಳು. ಭಾಗ್ಯಳ ಮುಖ ನೋಡಿ ನಗು ಅರ್ಧಕ್ಕೆ ನಿಂತಿತು.

"ಬಂತು ಸರ್ ನನಗ. ಅಕಿ ಹೋಗ್ಲಿ ಬಿಡ್ರಿ" ಅಂದಳು.

ದೇವಿಕಾ ಟೀಚರ್ ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದರು. ಹೊರಗೆ ನೋಡಲು ಧೂಳು ಬಿಟ್ಟರೆ ಏನೂ ಇರಲಿಲ್ಲ.

ಆಮೇಲೆ ಅವರು ಕಲ್ಲಿನ ಹತ್ತಿರ ಬಂದರು. "ಒಂದ ದಿನ ಭಾಗ್ಯ. ಅದೊಂದು ಮುಗೀಲಿ. ಮತ್ತ ನಾವು ಸಂಜಿಕ ಕುಂದ್ರೋಣು."

ಭಾಗ್ಯ ಡಬರಿಯಿಂದ ತಲೆ ಹೊರಗೆ ತೆಗೆಯಲಿಲ್ಲ. "ಆ ರಟ್ಟು ನಂದಲ್ರೀ ಟೀಚರ್?"

"ಬ್ಯಾರೆದು ಮಾಡಿ ಕೊಡ್ತೀನಿ."

ಡಬರಿಯೊಳಗೆ ಕೆರೆಯುವ ಸದ್ದು ಜೋರಾಯಿತು. ಟೀಚರ್ ತಿರುಗಿ ಹೋದರು.

ಆ ದಿನ ಬಂತು. ಬೆಳಿಗ್ಗೆಯೇ ಜೀಪು, ಕಾರು, ಬೈಕುಗಳು ಬಂದು ನಿಂತವು. ಜಿಲ್ಲಾ ಕಚೇರಿಯಿಂದ ಬಂದ ದೊಡ್ಡ ಅಧಿಕಾರಿಯ ಹೆಸರು ಕೃಷ್ಣಾಬಾಯಿ. ಬಿಳಿ ಕೂದಲಿನ, ಕನ್ನಡಕದ ಹೆಂಗಸು. ತರಗತಿಯಲ್ಲಿ ಕುರ್ಚಿಗಳು ಹಿಡಿಸಲಿಲ್ಲ. ಅಡುಗೆ ಕೋಣೆಯಲ್ಲಿ ಕೊಟ್ರಬಸಮ್ಮ ಹೋಳಿಗೆ ಬೇಯಿಸುತ್ತಿದ್ದಳು. ತಾಯಕ್ಕ, ಭಾಗ್ಯ ಅತಿಥಿಗಳ ತಾಟುಗಳನ್ನು ತೊಳೆಯುತ್ತಿದ್ದರು. ತರಗತಿಯ ಕಡೆ ಬರಬಾರದು ಅಂತ ಇಬ್ಬರಿಗೂ ತಾಕೀತಾಗಿತ್ತು.

ಕಿಟಕಿಯಿಂದ ದನಿ ಬಂತು. "ವ... ವ... ವರ..."

"ಅಯ್ಯೋ ಪಾಪ" ಅಂದರು ಯಾರೋ.

ಆಮೇಲೆ ದೇವಿಕಾ ಟೀಚರ ದನಿ. ರಟ್ಟಿನ ಬಗ್ಗೆ. ಮಣ್ಣಿನ ಬಗ್ಗೆ. ಮಂಗನ ಬಾಲದ ಬಗ್ಗೆ. ಎಲ್ಲ ಸರಿಯಾಗಿಯೇ ಹೇಳುತ್ತಿದ್ದರು. ದನಿ ಮಾತ್ರ ಒಣಗಿತ್ತು. ಮಕ್ಕಳಿಗೆ ಅವಸರ ಮಾಡಬಾರದು ಅಂದರು. ಎಲ್ಲರ ಮುಂದೆ ನಿಲ್ಲಿಸಿ ಅವಮಾನ ಮಾಡಬಾರದು ಅಂದರು. ಅಷ್ಟರಲ್ಲಿ ಸ್ನೇಹಾ ಓದತೊಡಗಿದಳು. ಒಂದು ಸಾಲು, ಎರಡು ಸಾಲು, ಪುಟ. ನೀರು ಹರಿದ ಹಾಗೆ. ಚಪ್ಪಾಳೆ ಬಿತ್ತು. ನಿಲ್ಲದೆ ಬಿತ್ತು.

ಭಾಗ್ಯಳ ಕೈಯಿಂದ ತಾಟು ಜಾರಿ ಕಲ್ಲಿಗೆ ಬಡಿಯಿತು. ಎದ್ದಳು.

ತಾಯಕ್ಕ ಅವಳ ರಟ್ಟೆ ಹಿಡಿದಳು. "ಬ್ಯಾಡ. ಭಾಗ್ಯ, ಬ್ಯಾಡವ್ವ. ಕೆಲಸ ಹೋಗ್ತೈತಿ."

ಸೋಪಿನ ಕೈ. ಜಾರಿತು. ಭಾಗ್ಯ ಓಡಿದಳು.

ಬಾಗಿಲಲ್ಲಿ ನಿಂತಾಗ ಅವಳ ಲಂಗದಿಂದ ನೀರು ತೊಟ್ಟಿಕ್ಕುತ್ತಿತ್ತು. ಚಪ್ಪಾಳೆ ತಟ್ಟುತ್ತಿದ್ದವರು ತಿರುಗಿ ನೋಡಿದರು.

"ಆ ರಟ್ಟು ನಂದು" ಅಂದಳು.

ಕೊಟ್ರಯ್ಯ ಎದ್ದು ಬಂದರು. ನಗುತ್ತಲೇ ಬಂದರು. "ಅಡಗಿ ಸಹಾಯಕಿ ಮಗಳು ಮೇಡಂ. ತಲಿ ಒಂಚೂರು ಸರಿ ಇಲ್ಲ. ಏ, ನಡಿ ಹೊರಗ."

ಭಾಗ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವರು ಎಳೆದರು. ಅವಳು ಬಿಡಲಿಲ್ಲ.

"ಸ್ನೇಹಾಗ ಓದಾಕ ಬರ್ತೈತ್ರಿ ಮೇಡಂ. ಅಕಿಗೆ ಮೊದ್ಲಿಂದ ಬರ್ತೈತಿ. ಓದಾಕ ಬರಲಾರದಾಕಿ ನಾನು. ವರ ಅಂದಾಕಿ ನಾನು. ಅಕಿ ನನ್ನ ನೋಡಿ ಕಲ್ತಾಳ."

ಕೃಷ್ಣಾಬಾಯಿ ಕನ್ನಡಕ ತೆಗೆದರು. ದೇವಿಕಾ ಟೀಚರ ಕಡೆ ತಿರುಗಿದರು.

"ಏನ್ರೀ ಟೀಚರ್? ಈ ಹುಡುಗಿ ಹೇಳೋದು ಖರೇನಾ?"

ಟೀಚರ್ ಕೊಟ್ರಯ್ಯನವರನ್ನು ನೋಡಿದರು. ನೆಲ ನೋಡಿದರು. ಭಾಗ್ಯಳ ತೊಟ್ಟಿಕ್ಕುವ ಲಂಗ ನೋಡಿದರು.

"ಖರೇ ಮೇಡಂ. ರಟ್ಟು ಕೊಯ್ದಿದ್ದು ಇಕಿ ಸಲುವಾಗಿ."

ಸ್ನೇಹಾ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

"ಹಂಗಾದ್ರೆ ಓದಮ್ಮ, ನೋಡೋಣ" ಅಂದರು ಕೃಷ್ಣಾಬಾಯಿ.

ಭಾಗ್ಯ ಕೂತಳು. ಒದ್ದೆ ಕೈಯಿಂದ ಪುಟದ ಅಂಚು ಹಸಿಯಾಯಿತು. ರಟ್ಟು ಇಟ್ಟಳು. ಕಿಂಡಿಯಲ್ಲಿ ಒಂದು ಸಾಲು ನಿಂತಿತು. ಪೂರ್ತಿ ನಿಲ್ಲಲಿಲ್ಲ. ಅದುರುತ್ತಿತ್ತು.

"ವ..." ಹಿಂದೆ ಯಾರೋ ಮೂಗಿನಲ್ಲಿ ನಕ್ಕರು. ಅವಳು ಬೆರಳನ್ನು ಅಕ್ಷರದ ಮೇಲೆ ಸುತ್ತಿಸಿದಳು. ಬಾಲ ಸಿಕ್ಕಿತು. "ಮ. ಮ... ರ... ಮರದ. ಕೆ... ಕೆಳಗೆ."

ಎಲ್ಲರೂ ಕಾದರು. "ಒಂದು. ಕ... ಕಲ್ಲು. ಇತ್ತು."

ಕುರ್ಚಿಗಳು ಕಿರುಗುಟ್ಟಿದವು. ಒಬ್ಬ ಮಾಸ್ತರು ಆಕಳಿಸಿದರು. ಭಾಗ್ಯ ರಟ್ಟನ್ನು ಕೆಳಗಿನ ಸಾಲಿಗೆ ಇಳಿಸಿದಳು. "ದಾ... ದಾರಿ... ದಾರಿಪ... ದಾರಿಹೋ..." ಅಲ್ಲಿ ಸಿಕ್ಕಿಕೊಂಡಳು. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಹೋಯಿತು. ಒರೆಸಿಕೊಳ್ಳಲು ಬೆರಳು ತೆಗೆದರೆ ಸಾಲು ಹೋಗುತ್ತದೆ. ಒರೆಸಿಕೊಳ್ಳಲಿಲ್ಲ.

"ಸಾಕಮ್ಮ. ಚಲೋ ಓದಿದಿ" ಅಂದರು ಕೃಷ್ಣಾಬಾಯಿ.

"ಸಾಕಾಗಿಲ್ರಿ" ಅಂದಳು ಭಾಗ್ಯ. ತಲೆ ಎತ್ತಲಿಲ್ಲ. "ಇನ್ನೂ ಮುಗದಿಲ್ಲ."

ಅವಳು ಓದಿದಳು.

ಊಟಕ್ಕೆ ಹೊತ್ತಾಯಿತು ಅಂತ ಜಡೆಪ್ಪ ಬಾಗಿಲಲ್ಲಿ ನಿಂತು ಕೆಮ್ಮಿದ. ಒಬ್ಬೊಬ್ಬರೇ ಎದ್ದರು. ಕೃಷ್ಣಾಬಾಯಿ ಎಲ್ಲರಿಗಿಂತ ಹೆಚ್ಚು ಹೊತ್ತು ಕೂತರು. ಆಮೇಲೆ ಅವರ ಫೋನು ಬಂತು. ಮಾತಾಡುತ್ತ ಹೊರಗೆ ಹೋದವರು ತಿರುಗಿ ಬರಲಿಲ್ಲ. ಭಾಗ್ಯ ಪಾಠದ ಕೊನೆಯ ಸಾಲು ಓದಿ ಮುಗಿಸಿದಾಗ ಕುರ್ಚಿಗಳು ಖಾಲಿಯಿದ್ದವು. ದೇವಿಕಾ ಟೀಚರ್ ಗೋಡೆಗೆ ಒರಗಿ ನಿಂತಿದ್ದರು. ಸ್ನೇಹಾ ಪಕ್ಕದಲ್ಲಿ ಕೂತೇ ಇದ್ದಳು.

ಹೊರಗೆ ಹೋಳಿಗೆ, ತುಪ್ಪ. "ಇದನ್ನ ವಿಚಾರ ಮಾಡೋಣ ಕೊಟ್ರಯ್ಯನವರೇ" ಅಂದರು ಕೃಷ್ಣಾಬಾಯಿ. ಕೈ ತೊಳೆದುಕೊಂಡರು. ವಾಹನಗಳು ಒಂದರ ಹಿಂದೆ ಒಂದು ಹೊರಟವು. ಧೂಳು ಎದ್ದಿತು, ಕೂತಿತು.

ಗೇಟು ಮುಚ್ಚಿದ ಮೇಲೆ ಕೊಟ್ರಯ್ಯ ಹಿತ್ತಲಿಗೆ ಬಂದರು. ಅವರು ಕೂಗಾಡಲಿಲ್ಲ. ತಣ್ಣಗೆ ಹೇಳಿದರು. ದೇವಿಕಾ ಟೀಚರ್ ನಾಳೆಯಿಂದ ಬರುವುದಿಲ್ಲ. ಭಾಗ್ಯ ನಾಳೆ ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ನಿಂತು, ನಾನು ಸುಳ್ಳು ಹೇಳಿದೆ, ತಪ್ಪಾಯಿತು ಅನ್ನಬೇಕು.

"ಅಂದ್ರ ನಿನ್ನ ಕೆಲಸ ಉಳೀತೈತಿ ತಾಯಕ್ಕ. ಇಲ್ಲಂದ್ರ ತಾಯಿ ಮಗಳು ಇಬ್ರೂ ಗೇಟಿನ ಹೊರಗ."

ದಾರಿಯಲ್ಲಿ ತಾಯಕ್ಕ ಮಗಳನ್ನು ಹೊಡೆದಳು. ಬೆನ್ನಿಗೆ, ತಲೆಗೆ, ಕೈ ಸಿಕ್ಕಲ್ಲಿ. "ನನ್ನ ಅನ್ನ ಕಸಕೊಂಡೆಲ್ಲೇ. ನಿಂಗೇನ್ ಬಂದಿತ್ತಲೇ." ಭಾಗ್ಯ ತಪ್ಪಿಸಿಕೊಳ್ಳಲಿಲ್ಲ. ಅಳಲೂ ಇಲ್ಲ. ಬೇಗ ಬೇಗ ನಡೆದಳು. ಹೊಡೆಯಲು ತಾಯಕ್ಕ ಹಿಂದೆ ಓಡಬೇಕಾಯಿತು.

ಅವಳ ಅಪ್ಪ ಮೂಕಪ್ಪ ಅದಿರು ತುಂಬಿದ ಲಾರಿಗಳ ಮೇಲೆ ಹತ್ತಿ ತಾಡಪತ್ರಿ ಕಟ್ಟುವ ಕೂಲಿ. ಹಗ್ಗ ಎಳೆದೆಳೆದು ಅಂಗೈ ಸುಲಿದಿತ್ತು. ಸಂಜೆ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಅಂಗೈಗೆ ಎಣ್ಣೆ ಸವರಿಕೊಳ್ಳುತ್ತ ಎಲ್ಲ ಕೇಳಿದ. ತಾಯಕ್ಕ ಹೇಳಿ ಹೇಳಿ ಸುಸ್ತಾದ ಮೇಲೆ ಅವನು ಮಗಳನ್ನು ಕೇಳಿದ.

"ಅಕ್ಷರ ಹರಿದಾಡ್ತಾವೇನು ನಿನಗ?"

"ಹೂಂ."

"ಇರುವಿ ಹರಿದಂಗ?"

ಭಾಗ್ಯ ಅಪ್ಪನನ್ನು ದಿಟ್ಟಿಸಿದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ನನಗೂ ಹಂಗ ಆಗ್ತಿತ್ತು" ಅಂದ ಮೂಕಪ್ಪ. "ನಮ್ಮ ಮಾಸ್ತರು ಗೆಣ್ಣಿಗೆ ಬಡೀತಿದ್ರು. ಇದು ಸೊಟ್ಟಾಗಿದ್ದು ಅದಕ್ಕ." ಕಿರುಬೆರಳು ತೋರಿಸಿದ. "ನಾನು ಗ್ವಾಡಿ ಹಾರಿ ಓಡಿ ಬಂದೆ. ಮತ್ತ ಹೋಗಲಿಲ್ಲ."

ತಾಯಕ್ಕ ಅವನ ಕಡೆ ತಿರುಗಿದಳು. "ಬೆಳ್ಳು ಲಾರಿ ಬಾಗಿಲಾಗ ಸಿಕ್ಕಿತ್ತು ಅಂದಿದ್ದಿ."

"ಏನ್ ಹೇಳ್ಲಿ? ದಡ್ಡ ಅಂತ ಹೊಡಸ್ಕೊಂಡೆ ಅನ್ಲೇನು?"

ಒಳಗೆ ಒಲೆಯ ಮೇಲೆ ನೀರು ಕುದಿಯುತ್ತಿತ್ತು.

"ಅಕಿ ನಾಳಿ ತಪ್ಪಾತು ಅನ್ನಬಾರದು" ಅಂದ ಮೂಕಪ್ಪ.

"ಮತ್ತ ಉಣ್ಣಾದೇನು?"

ಮೂಕಪ್ಪ ಮತ್ತೆ ಅಂಗೈಗೆ ಎಣ್ಣೆ ಸವರಿಕೊಂಡ.

ಬೆಳಿಗ್ಗೆ ತಾಯಕ್ಕ ಮಗಳ ತಲೆ ಬಾಚಿದಳು. ನೋವಾಗುವ ಹಾಗೆ ಬಿಗಿಯಾಗಿ ಜಡೆ ಹೆಣೆದಳು. ಅವ್ವನ ಮನಸ್ಸಿನಲ್ಲಿ ಏನಿದೆ ಅಂತ ಭಾಗ್ಯಳಿಗೆ ತಿಳಿಯಲಿಲ್ಲ. ಇಬ್ಬರೂ ಲಾರಿಗಳ ಪಕ್ಕದಲ್ಲಿ ಸಾಲಾಗಿ ನಡೆದರು.

ಪ್ರಾರ್ಥನೆ ಮುಗಿಯಿತು. ಮಕ್ಕಳು ಸಾಲಿನಲ್ಲಿ ನಿಂತಿದ್ದರು. ಕೊಟ್ರಯ್ಯ ಕಟ್ಟೆಯ ಮೇಲಿಂದ ಕರೆದರು. ಭಾಗ್ಯ ಹತ್ತಿದಳು.

"ಹೇಳು."

ಅವಳು ಹೇಳಲಿಲ್ಲ.

"ಹೇಳಲೇ. ನಾನು ಸುಳ್ಳು ಹೇಳಿದೆ ಅನ್ನು."

ಅವಳು ತುಟಿಗಳನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಕೊಟ್ರಯ್ಯ ಕೈ ಎತ್ತಿದರು.

"ಕೈ ಇಳಸ್ರಿ ಸರ."

ತಾಯಕ್ಕನ ದನಿ. ಅವಳು ಮಕ್ಕಳ ಸಾಲುಗಳ ನಡುವಿನಿಂದ ನಡೆದು ಬರುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಕಟ್ಟೆ ಹತ್ತಿದಳು. ಕಸ ಗುಡಿಸಲು ಬಿಟ್ಟರೆ ಆ ಕಟ್ಟೆಯನ್ನು ಅವಳು ಯಾವತ್ತೂ ಹತ್ತಿರಲಿಲ್ಲ.

"ಅಕಿ ಅನ್ನಂಗಿಲ್ಲ. ಸುಳ್ಳು ಹೇಳಿದಾರು ಯಾರಂತ ಇಲ್ಲಿ ನಿಂತ ಹುಡುಗರಿಗೆಲ್ಲ ಗೊತ್ತೈತಿ. ಓದಾಕ ಬರಂಗಿಲ್ಲ ಅಂತ ನನ್ನ ಮಗಳನ್ನ ಡಬರಿಯಾಗ ಹಾಕಿದ್ರಿ. ನಾ ಹೂಂ ಅಂದೆ. ಇನ್ನ ಅನ್ನಂಗಿಲ್ಲ. ಅಕಿ ಒಳಗ ಕುಂದ್ರತಾಳ. ನಾನೂ ಕುಂದ್ರತೀನಿ. ತಾಟು ಉಂಡವರು ತೊಳ್ಕೊಳ್ಳಿ."

"ನಿನ್ನ ಕೆಲಸ ಹೋತು ತಾಯಕ್ಕ."

"ಹೋಗ್ಲಿ."

ತಾಯಕ್ಕ ಮಗಳ ಕೈ ಹಿಡಿದು ಏಳನೇ ತರಗತಿಗೆ ನಡೆದಳು. ಮೊದಲ ಬೆಂಚಿನಲ್ಲಿ ಕೂತಳು. ಬೆಂಚು ಇಕ್ಕಟ್ಟು. ಮೊಣಕಾಲು ಮಡಿಸಲು ಬರಲಿಲ್ಲ. ಅಡ್ಡಕ್ಕೆ ಕೂತಳು. ಮಕ್ಕಳು ಒಳಗೆ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು. ಕೊನೆಯ ಬೆಂಚಿನ ಗಾದಿಲಿಂಗ ಅನ್ನುವ ಹುಡುಗ, ಓದಿಸಿದಾಗಲೆಲ್ಲ ಹೊಟ್ಟೆ ನೋವು ಅಂತ ಹೊರಗೆ ಹೋಗುವವನು, ಚೀಲ ಎತ್ತಿಕೊಂಡು ಬಂದು ಎರಡನೇ ಬೆಂಚಿನಲ್ಲಿ ಕೂತ.

ದೇವಿಕಾ ಟೀಚರ್ ಇಲ್ಲದ್ದರಿಂದ ಮೊದಲ ಪೀರಿಯಡ್ಡಿಗೇ ಕನ್ನಡ ತೆಗೆದುಕೊಳ್ಳಲು ಕೊಟ್ರಯ್ಯನವರೇ ಬಂದರು. ಬಾಗಿಲಲ್ಲೇ ನಿಂತರು. ಮುಖ ಕೆಂಪಾಗಿತ್ತು.

"ಏಳು ಮ್ಯಾಲ. ಪೊಲೀಸರನ್ನ ಕರೆಸ್ತೀನಿ."

ತಾಯಕ್ಕ ಏಳಲಿಲ್ಲ.

"ಕರಸ್ರಿ ಸರ. ಅವರು ಬರೋತನಕ ಪಾಠ ಮಾಡ್ರಿ."

ಮಕ್ಕಳೆಲ್ಲ ಕೊಟ್ರಯ್ಯನವರನ್ನೇ ನೋಡುತ್ತಿದ್ದರು. ಸ್ನೇಹಾಳೂ ನೋಡುತ್ತಿದ್ದಳು. ಅವರು ಫೋನು ತೆಗೆದರು. ಬೆರಳು ಅದರ ಮೇಲೆ ಆಡಿಸಿದರು. ಮತ್ತೆ ಜೇಬಿಗೆ ಹಾಕಿದರು. ಬಳಪ ತೆಗೆದುಕೊಂಡು ಹಲಗೆಯ ಕಡೆ ತಿರುಗಿದರು. ಸಿಟ್ಟಿನಲ್ಲಿ ಗೀಚಿದರು. ಇರುವೆಯಂಥ ಅಕ್ಷರಗಳು, ಸಾಲಿನ ಮೇಲೆ ಸಾಲು, ಒಂದರ ಬೆನ್ನಿಗೆ ಒಂದು ಅಂಟಿಕೊಂಡು.

ಭಾಗ್ಯ ಎದ್ದು ನಿಂತಳು.

"ಹಿಂಗ ಬರದ್ರ ನನಗ ತಿಳಿಯಂಗಿಲ್ಲ ಸರ" ಅಂದಳು. "ಅಳಸ್ರಿ. ಒಂದ ಸಾಲು ಬರೀರಿ. ದೊಡ್ಡದಾಗಿ ಬರೀರಿ."